ಪ್ಲೇಟು ಮುಟ್ಟಿದವರು

ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಒಂಬತ್ತು ಜನ ಭಾಷಣ ಮಾಡಿದರು. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಪ್ರಿನ್ಸಿಪಾಲರು ನನ್ನನ್ನು ‘ಆಕಾಶದ ಉಪಗ್ರಹಕ್ಕೆ ಶಿವಮೊಗ್ಗದಿಂದ ಅಳತೆ ಕಳಿಸಿದವರು’ ಎಂದು ಹೊಗಳಿದರು. ಹಿಂದಿನ ಪರದೆಯ ಮೇಲೆ ಒಂದು ಫೋಟೋ ಬಿತ್ತು. ಒಣಗಿದ ಕೆರೆಯಂಗಳದಲ್ಲಿ ಕಪ್ಪು ಅಂಗಿ ತೊಟ್ಟು, ಕೈಯಲ್ಲಿ ಮೀಟರು ಹಿಡಿದು ನಿಂತಿರುವ ನಾನು. ಫೋಟೋದ ಎಡ ಅಂಚಿನಲ್ಲಿ ಇನ್ನೊಂದು ಕೈ ಇತ್ತು, ಮೊಣಕೈವರೆಗೆ ಮಾತ್ರ. ಆ ಕೈ ಒಂದು ಬಿಳಿ ಪ್ಲೇಟನ್ನು ಸಮತಟ್ಟಾಗಿ ಹಿಡಿದಿತ್ತು. ಉಳಿದ ಮನುಷ್ಯನನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಯಾರೋ ಏನು, ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಹಾಗೆ ಕತ್ತರಿಸಿ ಕೊಟ್ಟವನು ನಾನೇ.

ಸಮಾರಂಭ ಮುಗಿದು ಹಣ್ಣಿನ ಬುಟ್ಟಿಯನ್ನು ಕಾರಿಗೆ ಇಡುವಾಗ ಅಟೆಂಡರ್ ಹತ್ತಿರ ಬಂದು ಹೇಳಿದ.

“ಸಾರ್, ಗೊತ್ತಾಯ್ತಾ? ಭದ್ರಾವತಿಯವರು ಹೋಗ್ಬಿಟ್ರಂತೆ. ಸೋಮವಾರ ಬೆಳಿಗ್ಗೆ. ಎದೆನೋವು ಅಂತ ಕೂತವರು ಏಳಲೇ ಇಲ್ವಂತೆ.”

ಭದ್ರಾವತಿಯಿಂದ ನಮ್ಮ ಕಾಲೇಜಿಗೆ ಓಡಾಡುವವರು ಹತ್ತಾರು ಜನರಿದ್ದರು. ಆದರೂ ‘ಭದ್ರಾವತಿಯವರು’ ಎಂದರೆ ಅವರೊಬ್ಬರೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ಹೆಸರನ್ನು ಬರೆಯಬೇಕಾಗಿದ್ದ ಜಾಗದಲ್ಲಿ ಬರೆಯದವನು ನಾನು. ಈಗ ಅವರ ಹೆಸರನ್ನು ಅಚ್ಚು ಹಾಕಿಸಿ ದೊಡ್ಡವನಾಗುವುದು ಬೇಡ.

ಅವರ ಕೆಲಸವನ್ನು ಹೇಳದೆ ಅವರನ್ನು ಹೇಳಲು ಬರುವುದಿಲ್ಲ. ಭೂಮಿಯ ಚಿತ್ರ ತೆಗೆಯುವ ಉಪಗ್ರಹದ ಕಣ್ಣು ಮೇಲೆ ಹೋದ ಮೇಲೆ ನಿಧಾನವಾಗಿ ಮಂಕಾಗುತ್ತದೆ. ಎಷ್ಟು ಮಂಕಾಗಿದೆ ಎಂದು ಪರೀಕ್ಷಿಸಲು ಅದನ್ನು ಕೆಳಗೆ ಇಳಿಸುವಂತಿಲ್ಲ. ಆದ್ದರಿಂದ ಅದು ತಲೆಯ ಮೇಲೆ ಹಾದುಹೋಗುವ ಹೊತ್ತಿಗೆ ಸರಿಯಾಗಿ, ಅದು ನೋಡುತ್ತಿರುವ ನೆಲವನ್ನೇ ನಾವು ಕೆಳಗೆ ನಿಂತು ಅಳೆಯಬೇಕು. ಎರಡನ್ನೂ ಹೋಲಿಸಿದರೆ ಮೇಲಿನ ಕಣ್ಣಿನ ದೋಷ ತಿಳಿಯುತ್ತದೆ. ನೆಲದಿಂದ ಎಷ್ಟು ಬೆಳಕು ವಾಪಸ್ಸು ಬರುತ್ತಿದೆ ಎಂದು ಹೇಳಲು ನಮಗೊಂದು ಆಧಾರ ಬೇಕು. ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ವಾಪಸ್ಸು ಕೊಡುವ ಒಂದು ಬಿಳಿ ಪ್ಲೇಟು ಆ ಆಧಾರ. ಗೇಣಗಲದ ಚೌಕ, ನೋಡಲು ಸೀಮೆಸುಣ್ಣದ ಹಾಗೆ. ಮೊದಲು ಮೀಟರಿನಿಂದ ಪ್ಲೇಟನ್ನು ನೋಡಬೇಕು, ಆಮೇಲೆ ನೆಲವನ್ನು, ಮತ್ತೆ ಪ್ಲೇಟನ್ನು. ಪ್ಲೇಟು ಕೆಟ್ಟರೆ ಮಿಕ್ಕಿದ್ದೆಲ್ಲ ಕೆಟ್ಟಂತೆ.

ಉಪಗ್ರಹ ನಡೆಸುವ ಸಂಸ್ಥೆಯೊಂದು ಈ ಕೆಲಸವನ್ನು ನಮ್ಮ ಕಾಲೇಜಿಗೆ ಕೊಟ್ಟಿತ್ತು. ಭೌತಶಾಸ್ತ್ರದ ಮೇಷ್ಟ್ರಾದ ನಾನು ಅದರ ಮುಖ್ಯಸ್ಥ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ರಸ್ತೆಯಿಂದ ಒಳಗೆ ತೂಬು ಒಡೆದುಹೋದ ಒಂದು ದೊಡ್ಡ ಕೆರೆಯಿತ್ತು. ಸಂಕ್ರಾಂತಿಯ ಹೊತ್ತಿಗೆಲ್ಲ ಅದು ಒಣಗಿ ಒಂದೇ ಬಣ್ಣದ ಬಯಲಾಗುತ್ತಿತ್ತು. ಅದೇ ನಮ್ಮ ಜಾಗ. ಟೆಕ್ನಿಷಿಯನ್ ಬೇಕೆಂದು ಜಾಹೀರಾತು ಕೊಟ್ಟಾಗ ಪದವಿ ಇದ್ದವರು ಇಪ್ಪತ್ತು ಜನ ಬಂದರು, ಪದವಿ ಇಲ್ಲದವರು ಇವರೊಬ್ಬರು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಶಾಖ ಅಳೆಯುವ ಮೀಟರುಗಳನ್ನು ಸರಿಮಾಡುತ್ತಿದ್ದವರು, ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಸಂದರ್ಶನದಲ್ಲಿ ನಾನು ಕೇಳಿದೆ, “ಮೀಟರ್ ಒಂದು ಹೇಳುತ್ತೆ, ಹಳೇ ಮೇಸ್ತ್ರಿ ಕಣ್ಣಲ್ಲಿ ನೋಡಿ ಇನ್ನೊಂದು ಹೇಳ್ತಾನೆ. ಯಾರನ್ನ ನಂಬ್ತೀರಿ?”

“ಇಬ್ಬರನ್ನೂ ನಂಬಲ್ಲ ಸಾರ್. ಮೀಟರ್ ಬಿಚ್ಚಿ ಲೆನ್ಸ್ ಒರೆಸ್ತೀನಿ. ಮೇಸ್ತ್ರಿಗೆ ಕಣ್ಣಿನ ಡಾಕ್ಟರ್ ಹತ್ರ ಹೋಗು ಅಂತೀನಿ.”

ಆ ಉತ್ತರಕ್ಕೆ ನಾನು ಕೆಲಸ ಕೊಟ್ಟೆ. ಅಂಥ ಮನುಷ್ಯನ ಜೊತೆ ದಿನವೂ ಕೆಲಸ ಮಾಡುವುದು ಎಂಥ ತಲೆನೋವು ಎಂದು ಆಮೇಲೆ ಗೊತ್ತಾಯಿತು.

ಒಂದು ಮಾತನ್ನೂ ಅವರು ಅಂದಾಜಿಗೆ ಆಡುತ್ತಿರಲಿಲ್ಲ. ಬೆಳಿಗ್ಗೆ ಒದ್ದೆ ಕೊಡೆ ಹಿಡಿದು ಬಂದವರನ್ನು ಸುಮ್ಮನೆ “ಭದ್ರಾವತೀಲಿ ಮಳೆನಾ?” ಎಂದು ಕೇಳಿದರೆ, “ನಾನು ಹೊರಡೋವಾಗ ನಮ್ಮ ಬೀದೀಲಿ ಬರ್ತಿತ್ತು ಸಾರ್. ಭದ್ರಾವತೀದು ಗೊತ್ತಿಲ್ಲ” ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಇದು ದೊಡ್ಡ ನಗೆಚಾಟಿಕೆಯಾಗಿತ್ತು. ಯಾರದಾದರೂ ಪ್ರೇಮ ಪ್ರಕರಣದ ಸುದ್ದಿ ಬಂದರೆ, “ಭದ್ರಾವತಿಯವರನ್ನ ಕೇಳಿ ಮಾರಾಯ್ರೇ” ಎನ್ನುವುದು, ಅವರು ತಲೆಯೆತ್ತದೆ “ನಾನು ನೋಡಿಲ್ಲ, ನೋಡದೇ ಹೇಳಲ್ಲ” ಎನ್ನುವುದು, ಎಲ್ಲರೂ ನಗುವುದು.

ಒಮ್ಮೆ ವಿನೋಬನಗರದ ನಮ್ಮ ಮನೆಗೆ ಏನೋ ಕಾಗದ ತಂದಿದ್ದರು. ನನ್ನ ಹೆಂಡತಿ ಅಡುಗೆಮನೆಯ ತಕ್ಕಡಿಯಲ್ಲಿ ಕಡಲೆಹಿಟ್ಟು ತೂಗುತ್ತಿದ್ದಳು. ಇವರು ಬಾಗಿಲಲ್ಲೇ ನಿಂತು ಎರಡು ನಿಮಿಷ ನೋಡಿ, “ಅಮ್ಮಾ, ಅದು ಸುಳ್ಳು ಹೇಳುತ್ತೆ” ಎಂದರು. ಚೀಲದಿಂದ ಒಂದು ಹಿತ್ತಾಳೆಯ ತೂಕದ ಬಟ್ಟು ತೆಗೆದು ಅದರ ಮೇಲಿಟ್ಟು ತೋರಿಸಿದರು. ಸುಳ್ಳು ಹೇಳುತ್ತಿದ್ದದ್ದು ನಿಜವೇ. ಅವರು ಹೋದ ಮೇಲೆ ಹೆಂಡತಿ, “ಇಪ್ಪತ್ತು ವರ್ಷದಿಂದ ಮೈಸೂರು ಪಾಕ್ ಸರಿಯಾಗೇ ಬರ್ತಿದೆ, ಇವರೇನು ಹೇಳೋದು” ಎಂದು ಗೊಣಗಿದಳು. ಆದರೆ ಆ ತಕ್ಕಡಿಯನ್ನು ಮತ್ತೆ ಬಳಸಲಿಲ್ಲ.

ಕೆರೆಯಲ್ಲಿ ಅವರ ಶಿಸ್ತು ಇನ್ನೂ ಜೋರು. ಬಿಳಿ ಅಂಗಿ ತೊಟ್ಟು ಬಂದರೆ ಅಂಗಿಯ ಬೆಳಕು ಪ್ಲೇಟಿನ ಮೇಲೆ ಬೀಳುತ್ತದೆಂದು ನಮಗೆಲ್ಲ ಕಪ್ಪು ಅಂಗಿ ಕಡ್ಡಾಯ ಮಾಡಿದರು. ಸಂಕ್ರಾಂತಿಯ ದಿನಗಳಲ್ಲಿ ಐದು ಜನ ಕಪ್ಪು ಬಟ್ಟೆ ತೊಟ್ಟು ಬೆಳಿಗ್ಗೆ ಕೆರೆಗೆ ಇಳಿದರೆ ಊರವರು ಇನ್ನೇನು ತಿಳಿಯಬೇಕು? ಕುರಿ ಮೇಯಿಸುವ ಅಜ್ಜ ಕೈಮುಗಿದು, “ಸ್ವಾಮಿ, ಮಲೆಗೆ ಯಾವಾಗ ಹೊರಡೋದು?” ಎಂದು ಕೇಳಿದ. ನಾವು ನಕ್ಕೆವು. ಇವರು ನಗದೆ ಅಜ್ಜನನ್ನು ಬದುವಿನ ಮೇಲೆ ಕೂರಿಸಿ ವಿವರಿಸಿದರು.

“ಮಲೆಗಲ್ಲ ಅಜ್ಜ. ಮೇಲೊಂದು ಕಣ್ಣು ತಿರುಗ್ತಾ ಇರುತ್ತೆ. ಅದಕ್ಕೆ ಪೊರೆ ಬಂದಿದೆಯಾ ಅಂತ ನಾವು ಕೆಳಗೆ ನಿಂತು ನೋಡ್ತೀವಿ.”

“ಬಂದಿದ್ರೆ ಆಪರೇಷನ್ ಮಾಡ್ತೀರಾ?”

“ಮಾಡಕ್ಕಾಗಲ್ಲ. ಎಷ್ಟು ಬಂದಿದೆ ಅಂತ ಗೊತ್ತಾದ್ರೆ, ಅದು ಹೇಳಿದ್ದನ್ನ ಅಷ್ಟು ತಿದ್ದಿ ಓದ್ಕೋಬಹುದು.”

ನನ್ನ ಎಂ.ಎಸ್ಸಿ. ಪಾಠದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿದ ನೆನಪು ನನಗಿಲ್ಲ. ಆಮೇಲೆ ಆ ಅಜ್ಜ ಉಪಗ್ರಹ ಬರುವ ದಿನ ತಾನಾಗಿಯೇ ಕುರಿಗಳನ್ನು ಏರಿಯ ಆಚೆ ಹೊಡೆದುಕೊಂಡು ಹೋಗುತ್ತಿದ್ದ.

ಆ ಕೆಲಸದ ದಿನಗಳಲ್ಲಿ ಎರಡು ಮೂರು ಸಲ ಭದ್ರಾವತಿಯಲ್ಲಿ ಅವರ ಮನೆಗೂ ಹೋಗಿದ್ದೆ. ಎರಡು ಕೋಣೆಯ ಚೊಕ್ಕ ಮನೆ, ಅಕ್ಕಪಕ್ಕದಲ್ಲಿ ತಮಿಳು, ತೆಲುಗು. ಅವರ ಹೆಂಡತಿ ಒತ್ತಾಯ ಮಾಡಿ ಎರಡನೇ ಲೋಟ ಕಾಫಿ ಕೊಡುವರು, ಗೇಟಿನವರೆಗೂ ಬಂದು “ಹೋಗಿ ಬನ್ನಿ ಸಾರ್” ಎಂದು ಕಾರು ತಿರುಗುವ ತನಕ ನಿಂತಿರುವರು.

ಇನ್ನು ಪ್ಲೇಟಿನ ವಿಷಯ. ಪ್ಲೇಟನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡನ್ನೂ ಅದು ಹೀರಿಕೊಳ್ಳುತ್ತದೆ. ಮುಟ್ಟಿದರೆ ಅಂಚನ್ನು ಮಾತ್ರ, ಅದೂ ಕೈಗವಸು ಹಾಕಿಕೊಂಡು. ನಮ್ಮ ತಾಯಿಯ ಮಡಿಯನ್ನು ಕಂಡಿದ್ದ ಅವರು ನನ್ನನ್ನು ರೇಗಿಸುತ್ತಿದ್ದರು: “ನಿಮ್ಮನೆ ಮಡೀಲಿ ಸ್ನಾನ ಮಾಡಿದ್ರೆ ಮುಟ್ಟಬಹುದು ಸಾರ್. ಇದಕ್ಕೆ ಸ್ನಾನ ಮಾಡಿದ್ರೂ ಇಲ್ಲ.” ಪ್ಲೇಟಿಗೆಂದೇ ಒಂದು ರಿಜಿಸ್ಟರ್ ಮಾಡಿದ್ದರು. ಉದ್ದನೆಯ ಪುಸ್ತಕ, ಸ್ಕೇಲಿನಲ್ಲಿ ಗೆರೆ ಹೊಡೆದ ನಾಲ್ಕು ಕಾಲಂ. ತಾರೀಕು, ಪ್ಲೇಟಿನ ಸ್ಥಿತಿ, ಕೆಲಸ, ಕೊನೆಯದು ‘ಮುಟ್ಟಿದವರು’. ಪೆಟ್ಟಿಗೆ ತೆರೆದವರು ಯಾರೇ ಆಗಲಿ, ಪ್ರಿನ್ಸಿಪಾಲರೇ ಆಗಲಿ, ತಮ್ಮ ಕೈಯಾರೆ ಹೆಸರು ಬರೆಯಬೇಕು. ಅವರ ಪರವಾಗಿ ಬೇರೆಯವರು ಬರೆಯಬಾರದು. ಮರೆತು ಮಾರನೇ ದಿನ ಬರೆದರೆ ಹೆಸರಿನ ಕೆಳಗೆ ಮಾರನೇ ದಿನದ ತಾರೀಕನ್ನೇ ಹಾಕಬೇಕು. “ತಡವಾಗಿ ಬರೆದ್ರೆ ತಪ್ಪಲ್ಲ ಸಾರ್. ಆವತ್ತೇ ಬರೆದೆ ಅಂತ ತೋರಿಸ್ಕೊಂಡ್ರೆ ತಪ್ಪು.” ಪೆಟ್ಟಿಗೆಗೆ ಎರಡು ಕೀ. ಒಂದು ಅವರಲ್ಲಿ, ಒಂದು ನನ್ನಲ್ಲಿ.

ಪ್ರತಿ ವರ್ಷ ಲ್ಯಾಬಿನ ಆಯುಧಪೂಜೆ ಮಾಡುತ್ತಿದ್ದವರೂ ಅವರೇ. ಮೀಟರಿನ ಕೈಹಿಡಿಗೆ, ಸ್ಟ್ಯಾಂಡಿನ ಕಾಲಿಗೆ ಕುಂಕುಮ. ಪ್ಲೇಟಿಗೆ ಮಾತ್ರ ಬೀಗ ಹಾಕಿದ ಪೆಟ್ಟಿಗೆಯ ಮುಚ್ಚಳದ ಮೇಲೆ. ಮೂರನೇ ವರ್ಷ ಅವರು ರಜೆ ಹಾಕಿದರು. ಬಾಮೈದ ಭದ್ರಾವತಿಯಲ್ಲಿ ಹೊಸದಾಗಿ ಲೇತ್ ಅಂಗಡಿ ತೆರೆದಿದ್ದ, ಮೊದಲ ಪೂಜೆಗೆ ಇವರು ಇರಲೇಬೇಕಿತ್ತು. ಹಿಂದಿನ ದಿನ ನನಗೆ ಹೇಳಿ ಹೋದರು: “ಪೂಜೆ ನೀವು ಮಾಡಿ ಸಾರ್. ಪೆಟ್ಟಿಗೆ ಮೇಲೆ ಇಟ್ರೆ ಸಾಕು.”

ನಾನು ರವೀಂದ್ರನಗರದ ಪುರೋಹಿತರ ಮನೆಯಲ್ಲಿ ಹುಟ್ಟಿದವನು. ಮಂತ್ರ ಬರುತ್ತದೆಂಬ ಜಂಬ. ಎಲ್ಲ ಉಪಕರಣಗಳಿಗೂ ಹಚ್ಚಿ ಮುಖ್ಯವಾದದ್ದನ್ನೇ ಬಿಟ್ಟರೆ ಅದೆಂಥ ಪೂಜೆ ಎನಿಸಿತು. ಮುಂದಿನ ತಿಂಗಳು ಯೋಜನೆಯನ್ನು ಮುಂದುವರಿಸುವ ತೀರ್ಮಾನವಿತ್ತು, ನನ್ನ ಪ್ರಮೋಷನ್ನಿನ ಕಾಗದವೂ ಅದರ ಹಿಂದೆಯೇ ಇತ್ತು. ಮನಸ್ಸಿನಲ್ಲಿ ಅದನ್ನೂ ಬೇಡಿಕೊಂಡೆ. ನನ್ನ ಕೀಯಿಂದ ಪೆಟ್ಟಿಗೆ ತೆರೆದು ಪ್ಲೇಟಿನ ಎಡಮೂಲೆಯಲ್ಲಿ, ಚಿಕ್ಕದಾಗಿಯೇ, ಅರಿಶಿನ ಹಚ್ಚಿದೆ. ಮಂಗಳಾರತಿ ಆದ ಮೇಲೆ ಬುದ್ಧಿ ಬಂತು. ಕರ್ಚೀಫು ಒದ್ದೆ ಮಾಡಿ ಒರೆಸಿದೆ. ಕಲೆ ಹೋದಂತೆ ಕಂಡಿತು. ಬೀಗ ಹಾಕಿ ಮನೆಗೆ ಬಂದು ಹಬ್ಬದ ಊಟ ಮಾಡಿದೆ.

ರಜೆ ಮುಗಿಸಿ ಬಂದ ದಿನ ಅವರು ಅರ್ಧ ಗಂಟೆ ಲ್ಯಾಬಿನಿಂದ ಹೊರಗೆ ಬರಲಿಲ್ಲ. ಆಮೇಲೆ ರಿಜಿಸ್ಟರ್ ಹಿಡಿದು ನನ್ನ ಕೋಣೆಗೆ ಬಂದರು. ಬಾಗಿಲು ಹಾಕಿದರು. ಮೇಜಿನ ಮೇಲೆ ಪುಸ್ತಕ ಬಿಡಿಸಿ ನನ್ನ ಕಡೆಗೆ ತಿರುಗಿಸಿದರು. ಅವರ ದುಂಡು ಅಕ್ಷರದಲ್ಲಿ ಬರೆದಿತ್ತು: ‘ರಜೆಯಿಂದ ಬಂದು ಪೆಟ್ಟಿಗೆ ತೆರೆದಾಗ ಪ್ಲೇಟಿನ ಎಡಮೂಲೆಯಲ್ಲಿ ಅರಿಶಿನದ ಕಲೆ, ನಡುವಿನವರೆಗೂ ಒರೆಸಿದ ಗುರುತು. ಪ್ಲೇಟು ಅಳತೆಗೆ ಯೋಗ್ಯವಲ್ಲ.’ ಕೊನೆಯ ಕಾಲಂ ಖಾಲಿ ಇತ್ತು. ಜೇಬಿನಿಂದ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಆ ಖಾಲಿ ಜಾಗದ ಪಕ್ಕದಲ್ಲಿ ಇಟ್ಟರು. ಕೈಕಟ್ಟಿ ನಿಂತರು.

ಆ ಎರಡು ನಿಮಿಷವನ್ನು ನಾನು ಹನ್ನೊಂದು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಅವರು ನನ್ನನ್ನು ಕೇಳಲಿಲ್ಲ, ದೂರಲಿಲ್ಲ. ನನಗೆ ಬರೆಯಲು ಜಾಗ ಕೊಟ್ಟರು, ಅಷ್ಟೇ. ನಾನು ಪೆನ್ನಿನ ಕ್ಯಾಪು ಹಾಕಿ ಅವರ ಕಡೆ ತಳ್ಳಿದೆ.

“ಮೂಲೇಲಿ ತಾನೇ? ಮೀಟರ್ ನೋಡೋದು ನಡುವನ್ನ.”

“ಒರೆಸಿದ್ದರಿಂದ ನಡುವಿಗೂ ಹರಡಿದೆ ಸಾರ್. ಅರಿಶಿನ ನೀಲಿ ಬೆಳಕನ್ನ ತಿನ್ನುತ್ತೆ. ಪ್ಲೇಟು ನೀಲೀಲಿ ಕಡಿಮೆ ತೋರಿಸುತ್ತೆ, ನೆಲ ಜಾಸ್ತಿ ಅಂತ ಬರುತ್ತೆ. ಮೇಲಿರೋದಕ್ಕೆ ಇಲ್ಲದ ಪೊರೆ ಬಂದಂಗೆ ಕಾಣುತ್ತೆ.”

“ಈಗ ಏನು ಮಾಡ್ಬೇಕು ಅಂತೀರಿ?”

“ತಯಾರಿಸಿದೋರಿಗೇ ಕಳಿಸ್ಬೇಕು. ಮೇಲ್ಪದರ ಉಜ್ಜಿ ಹೊಸ ಸರ್ಟಿಫಿಕೇಟ್ ಕೊಡ್ತಾರೆ. ಕೆರೆ ಒಣಗೋಕೆ ಇನ್ನೂ ಮೂರು ತಿಂಗಳಿದೆ. ಟೈಮ್ ಇದೆ ಸಾರ್.”

ಟೈಮ್ ಇತ್ತು. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಇಷ್ಟು ವರ್ಷ ನನಗೆ ನಾನೇ ಟೈಮ್ ಇರಲಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ. ಕಳಿಸಬೇಕಾದರೆ ಕಾರಣ ಬರೆಯಬೇಕಿತ್ತು. ಉಪಗ್ರಹದ ಅಳತೆಗೋಲಿಗೆ ಅರಿಶಿನ ಹಚ್ಚಿದ ಭೌತಶಾಸ್ತ್ರದ ಮೇಷ್ಟ್ರು ಎಂದು ಸಂಸ್ಥೆಯವರ ಮುಂದೆ ನಿಲ್ಲಬೇಕಿತ್ತು. ಗೆಳೆಯನಾದ ಕೆಮಿಸ್ಟ್ರಿ ಮೇಷ್ಟ್ರ ಹತ್ತಿರ ಬಾಯಿಬಿಟ್ಟೆ. ಅವನು, “ಹೋಗ್ಲಿ ಬಿಡೋ ಮಾರಾಯ, ಒಂದು ಚಿಟಿಕೆ ಅರಿಶಿನಕ್ಕೆ ಉಪಗ್ರಹ ಕೆಳಗೆ ಬೀಳುತ್ತಾ?” ಎಂದ. ನನಗೆ ಬೇಕಾಗಿದ್ದ ಮಾತು ಅದೇ.

ಜನವರಿಯಿಂದ ಏಪ್ರಿಲ್‌ವರೆಗೆ ಅದೇ ಪ್ಲೇಟಿನಲ್ಲಿ ಅಳೆದೆವು. ಅವರು ಬಂದರು, ಕಪ್ಪು ಅಂಗಿ ತೊಟ್ಟರು, ಹೇಳಿದ ಕೆಲಸವನ್ನು ಹೇಳಿದ ನಿಮಿಷಕ್ಕೆ ಮಾಡಿದರು. ಪ್ರತಿ ಹಾಳೆಯ ಕೆಳಗೆ ‘ಪ್ಲೇಟು ಸಂಶಯಾಸ್ಪದ’ ಎಂದು ಬರೆದು ಸಹಿ ಹಾಕಿ ನನಗೆ ಕೊಟ್ಟರು. ಕಂಪ್ಯೂಟರಿಗೆ ಏರಿಸುವಾಗ ನಾನು ಅಂಕಿಗಳನ್ನು ಏರಿಸಿದೆ, ಆ ಸಾಲನ್ನು ಬಿಟ್ಟೆ. ನನಗೆ ಪ್ರಮೋಷನ್ ಆಯಿತು. ಸ್ವೀಟು ಹಂಚಿದಾಗ ಅವರೂ ಒಂದು ತೆಗೆದುಕೊಂಡು “ಒಳ್ಳೇದಾಗ್ಲಿ ಸಾರ್” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಜೂನ್‌ನಲ್ಲಿ ಸಂಸ್ಥೆಯಿಂದ ಫೋನು ಬಂತು. ಬೇರೆ ಎಲ್ಲ ಜಾಗಗಳಿಂದ ನೋಡಿದರೆ ಉಪಗ್ರಹದ ಕಣ್ಣು ಸರಿಯಾಗಿದೆ. ನಿಮ್ಮ ಕೆರೆಯಿಂದ ನೋಡಿದರೆ ಮಾತ್ರ ನೀಲಿಯಲ್ಲಿ ಪೊರೆ ಬಂದಿದೆ, ಏನು ಕಾರಣ? ವಿಚಾರಿಸಲು ಮೂವರ ಸಮಿತಿ ಬರುತ್ತದೆಂದು ತಿಳಿಸಿದರು. ಸಮಿತಿ ಬರುವ ಹಿಂದಿನ ದಿನ ಸಂಜೆ ರಿಜಿಸ್ಟರನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದೆ. ಬೀರುವಿನಲ್ಲಿ, ಮದುವೆಯ ಆಲ್ಬಮ್ಮಿನ ಕೆಳಗೆ ಇಟ್ಟು ಬೀಗ ಹಾಕಿದೆ.

ಸಮಿತಿಯ ಅಧ್ಯಕ್ಷರು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಕ್ಷಣದಲ್ಲಿ ಕಂಡುಹಿಡಿದರು. ಮೂಸಿಯೂ ನೋಡಿದರು. “ಇದನ್ನ ನೋಡ್ಕೊಳ್ಳೋರು ಯಾರು?”

“ಪ್ಲೇಟು ನಮ್ಮ ಟೆಕ್ನಿಷಿಯನ್ ಕೈಯಲ್ಲಿರುತ್ತೆ ಸಾರ್” ಎಂದೆ. ಸುಳ್ಳಲ್ಲ.

ಅವರನ್ನು ಕರೆಸಿದರು. ಬಾಗಿಲ ಬಳಿ ನಿಂತರು.

“ಏನ್ರೀ, ಇದಕ್ಕೆ ಪೂಜೆ ಮಾಡಿದ್ದು ನೀವಾ?”

“ಇಲ್ಲ ಸಾರ್. ಆವತ್ತು ನಾನು ರಜೆಯಲ್ಲಿದ್ದೆ. ರಿಜಿಸ್ಟರಲ್ಲಿದೆ, ನೋಡಿ.”

“ಎಲ್ಲಿ ರಿಜಿಸ್ಟರು?”

ಎಲ್ಲರೂ ನನ್ನ ಕಡೆ ನೋಡಿದರು. “ಹುಡುಕ್ತಿದೀವಿ ಸಾರ್. ಅದೂ ಅವರ ಹತ್ರಾನೇ ಇರ್ತಿತ್ತು” ಎಂದೆ. ಅವರು ಆಗ ನನ್ನನ್ನು ಒಮ್ಮೆ ನೋಡಿದರು. ಕೋಪವಿರಲಿಲ್ಲ. ಕೆಟ್ಟ ಮೀಟರನ್ನು ಬಿಚ್ಚುವ ಮುಂಚೆ ಹಾಗೆ ನೋಡುತ್ತಿದ್ದರು.

“ಮತ್ತೆ ಯಾರು ಹಚ್ಚಿದ್ದು?”

“ನಾನು ನೋಡಿಲ್ಲ ಸಾರ್.”

“ಯಾರ ಮೇಲಾದ್ರೂ ಅನುಮಾನ?”

“ನೋಡದೇ ಹೇಳಲ್ಲ ಸಾರ್. ಪೆಟ್ಟಿಗೆಗೆ ಕೀ ಎರಡಿದೆ. ಅಷ್ಟು ನನಗೆ ಗೊತ್ತು.”

ಅಧ್ಯಕ್ಷರಿಗೆ ಅದರ ಅರ್ಥ ಹೊಳೆಯಲಿಲ್ಲ, ಇಲ್ಲವೇ ಹೊಳೆದರೂ ಬೇಡವಾಗಿತ್ತು. ಸದಸ್ಯರೊಬ್ಬರು, “ಭದ್ರಾವತಿಯವರಲ್ವಾ? ಅಲ್ಲಿ ಆಯುಧಪೂಜೆ ಜೋರು. ಸ್ಪ್ಯಾನರ್‌ಗೆ ಹಚ್ಚಿದಂಗೆ ಇದಕ್ಕೂ ಹಚ್ಚಿಬಿಟ್ಟಿದಾರೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮನುಷ್ಯ ಇಡೀ ಬದುಕಿನಲ್ಲಿ ಹಿಡಿದುಕೊಂಡು ಬಂದಿದ್ದ ಒಂದೇ ಒಂದು ನಿಯಮ ಅಂದು ಅವರನ್ನು ಕೈಬಿಟ್ಟು ನನ್ನನ್ನು ಉಳಿಸಿತು. ‘ಇವರ ಹತ್ತಿರ ಇನ್ನೊಂದು ಕೀ ಇದೆ’ ಎಂದು ಕೈತೋರಿಸಿದ್ದರೆ ಸಾಕಿತ್ತು. ತೋರಿಸುವುದಿಲ್ಲವೆಂದು ನನಗೆ ಗೊತ್ತಿತ್ತು, ಆ ಧೈರ್ಯದ ಮೇಲೆಯೇ ನಾನು ನಕ್ಕಿದ್ದು.

ಜುಲೈಯಲ್ಲಿ ಅವರ ಗುತ್ತಿಗೆ ನವೀಕರಣವಾಗಲಿಲ್ಲ. ‘ಉಪಕರಣದ ನಿರ್ಲಕ್ಷ್ಯ’ ಎಂದು ಪತ್ರದಲ್ಲಿ ಬರೆದಿತ್ತು. ಕೆಳಗಿನ ಸಹಿ ನನ್ನದು. ಹೋಗುವ ದಿನ ಕೀಯನ್ನು ನನ್ನ ಮೇಜಿನ ಮೇಲಿಟ್ಟು, ಕೀ ಕೊಟ್ಟಿದ್ದಕ್ಕೆ ರಸೀದಿ ಬರೆಸಿಕೊಂಡು ಹೋದರು.

ಆಮೇಲೆ ಒಂದೇ ಸಲ ನೋಡಿದ್ದು. ಭದ್ರಾವತಿಯ ಬಸ್ ನಿಲ್ದಾಣದ ಹತ್ತಿರ ತಕ್ಕಡಿ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೂತಿದ್ದರು. ತಪ್ಪಿಸಿಕೊಳ್ಳುವಷ್ಟರಲ್ಲಿ ಅವರೇ ಎದ್ದು ಬಂದರು.

“ಸಾರ್, ಪ್ಲೇಟು ಬದಲಾಯಿಸಿದ್ರಾ?”

“ಹೂಂ. ಹೊಸದು ಬಂತು.”

“ಒಳ್ಳೇದಾಯ್ತು.” ನಿಜವಾಗಿಯೂ ಮುಖ ಅರಳಿತು. “ಆ ವರ್ಷದ ರೀಡಿಂಗು ವಾಪಸ್ ತಗೊಂಡ್ರಾ?”

ನನ್ನ ಬಸ್ಸು ಹೊರಟಿತೆಂದು ಹೇಳಿ ಓಡಿದೆ. ಅದು ನನ್ನ ಬಸ್ಸಾಗಿರಲಿಲ್ಲ. ಆ ರೀಡಿಂಗುಗಳು ಒಂದು ಪ್ರಬಂಧದಲ್ಲಿ ಅಚ್ಚಾಗಿ ಈಗಲೂ ನನ್ನ ಹೆಸರಿನ ಕೆಳಗೆ ಇವೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಭದ್ರಾವತಿಗೆ ಹೋದೆ. ಬಾಗಿಲ ಮುಂದೆ ಶಾಮಿಯಾನ, ಒಳಗೆ ಅವರ ಫೋಟೋಕ್ಕೆ ಮಲ್ಲಿಗೆ ಹಾರ. ಅವರ ಹೆಂಡತಿ ನನ್ನನ್ನು ಕಂಡು ಗಡಬಡಿಸಿ ಎದ್ದು ಕುರ್ಚಿ ಹಾಕಿಸಿದರು.

“ನೀವು ಬರ್ತೀರಿ ಅಂತ ಅಂದ್ಕೊಂಡೇ ಇರ್ಲಿಲ್ಲ ಸಾರ್. ನಮ್ಮನೆಯವರಿಂದ ನಿಮಗೆ ಅಷ್ಟು ತೊಂದ್ರೆ ಆಯ್ತು. ಮನಸ್ಸಲ್ಲಿ ಇಟ್ಕೊಳ್ಳದೇ ಬಂದ್ರಲ್ಲ, ದೊಡ್ಡ ಮಾತು.”

ನನಗೆ ತಕ್ಷಣ ಅರ್ಥವಾಗಲಿಲ್ಲ. “ಅವರು ಮನೇಲಿ ಏನು ಹೇಳಿದ್ರು?” ಎಂದೆ.

“ಏನು ಹೇಳ್ತಾರೆ? ಹಳೇ ಜೊತೆಗಾರರೆಲ್ಲ ಟೀ ಅಂಗಡೀಲಿ ‘ಪ್ಲೇಟಿಗೆ ಅರಿಶಿನ ಹಚ್ಚಿದೋನು’ ಅಂತ ಆಡ್ಕೊಂಡ್ರು. ಇವರು ಅಲ್ಲಿಗೆ ಹೋಗೋದೇ ಬಿಟ್ರು. ಆಮೇಲಿಂದ ನನ್ನ ತಮ್ಮನ ಲೇತ್ ಅಂಗಡಿ ಪೂಜೆಗೂ ಹೋಗ್ಲಿಲ್ಲ. ಒಂದಿನ ನಾನೇ ಕೇಳ್ದೆ, ನೀವೇ ಹಚ್ಚಿದ್ದಾ ಅಂತ. ಇಲ್ಲ ಅಂದ್ರು. ಮತ್ತೆ ಯಾರು ಅಂದ್ರೆ, ನೋಡಿಲ್ಲ ಅಂದ್ರು. ಹಂಗಂದ್ರೆ ಯಾರು ನಂಬ್ತಾರೆ ಸಾರ್? ಹಬ್ಬದ ಹಿಂದಿನ ದಿನಾನೇ ಹಚ್ಚಿಟ್ಟು ಬಂದಿರ್ಬೇಕು ಅಂತ ನಾನೇ ನಂಬ್ಲಿಲ್ಲ.”

ಕಾಲೇಜು ನಂಬದಿದ್ದದ್ದು ನನಗೆ ಗೊತ್ತಿತ್ತು. ಹೆಂಡತಿಯೂ ನಂಬದ ಮನೆಯಲ್ಲಿ ಅವರು ಹನ್ನೊಂದು ವರ್ಷ ಇದ್ದರೆಂದು ಆಗ ಗೊತ್ತಾಯಿತು.

“ಅಮ್ಮಾ, ಅವರಲ್ಲ. ಹಚ್ಚಿದ್ದು ನಾನು.”

ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಸತ್ತವರ ಮರ್ಯಾದೆಗೆ ಹಾಗೆ ಹೇಳ್ತೀರಿ. ಎಂಥ ಮನಸ್ಸು ಸಾರ್ ನಿಮ್ದು. ಊಟ ಮಾಡ್ದೇ ಹೋಗ್ಬೇಡಿ.”

ಇನ್ನೊಮ್ಮೆ ಹೇಳಿದೆ. ಅವರು ಆಗಲೇ ಎಲೆ ಹಾಕಲು ಯಾರನ್ನೋ ಕೂಗುತ್ತಿದ್ದರು. ನಾನು ಎಲೆಯ ಮುಂದೆ ಕೂತು ಊಟ ಮಾಡಿದೆ. ಅವರು ಎದುರಿಗೆ ನಿಂತು ಎರಡು ಸಲ ಪಾಯಸ ಬಡಿಸಿದರು.

ಮನೆಗೆ ಬಂದು ಬೀರು ತೆರೆದೆ. ಆಲ್ಬಮ್ಮಿನ ಕೆಳಗೆ ರಿಜಿಸ್ಟರ್ ಇಟ್ಟ ಹಾಗೆಯೇ ಇತ್ತು. ಸುಡಬಹುದಿತ್ತು, ರದ್ದಿಗೆ ಹಾಕಬಹುದಿತ್ತು. ಅದಕ್ಕೂ ನನಗೆ ಧೈರ್ಯವಿರಲಿಲ್ಲ. ಆ ಪುಟ ತೆಗೆದೆ. ದುಂಡು ಅಕ್ಷರದ ಎರಡು ಸಾಲು, ಪಕ್ಕದಲ್ಲಿ ಖಾಲಿ ಕಾಲಂ. ‘ಮುಟ್ಟಿದವರು’ ಎಂಬುದರ ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ. ಹೆಸರಿನ ಕೆಳಗೆ ತಾರೀಕು. ಕೈ ಹಳೆಯ ತಾರೀಕಿನ ಕಡೆಗೆ ಹೋಗಿ ನಿಂತಿತು. ಅವರ ನಿಯಮದಂತೆ ಇವತ್ತಿನದೇ ಹಾಕಿದೆ.

ನಾಲ್ಕು ದಿನ ಬಿಟ್ಟು ಮತ್ತೆ ಭದ್ರಾವತಿಗೆ ಹೋದೆ. ಮನೆಯಲ್ಲಿ ನೆಂಟರಿರಲಿಲ್ಲ. ಅವರ ಹೆಂಡತಿ ಬಾಗಿಲಲ್ಲೇ ನಿಂತು ರಿಜಿಸ್ಟರ್ ತೆಗೆದುಕೊಂಡರು. ಗಂಡನ ಅಕ್ಷರವನ್ನು ಮೊದಲು ಗುರುತು ಹಿಡಿದು ಅದರ ಮೇಲೆ ಬೆರಳಾಡಿಸಿದರು. ‘ರಜೆಯಿಂದ ಬಂದು ಪೆಟ್ಟಿಗೆ ತೆರೆದಾಗ’ ಎಂಬುದನ್ನು ತುಟಿಯಲ್ಲೇ ಓದಿಕೊಂಡರು. ಬೆರಳು ಆ ಸಾಲಿನ ಮೇಲೇ ಸರಿದು ಕೊನೆಯ ಕಾಲಂಗೆ ಬಂತು. ನನ್ನ ಹೆಸರಿನ ಮೇಲೆ ನಿಂತಿತು. ಕೆಳಗಿನ ತಾರೀಕನ್ನು ನೋಡಿದರು.

“ಇಲ್ಲ ಅಂದಿದ್ರು” ಎಂದರು. ನನಗಲ್ಲ. ಆಮೇಲೆ ನನ್ನ ಕಡೆ ತಿರುಗಿದರು. “ಇದು ಇಷ್ಟು ವರ್ಷ ಎಲ್ಲಿತ್ತು?”

“ನಮ್ಮನೇಲಿ. ಬೀರುವಿನಲ್ಲಿ.”

ಅವರು ಪುಸ್ತಕ ಮುಚ್ಚಿ ಎದೆಗೆ ಒತ್ತಿ ಹಿಡಿದುಕೊಂಡರು. ಕೂರಿ ಎನ್ನಲಿಲ್ಲ. ಒಳಗೆ ಕಾಫಿಯ ವಾಸನೆ ಬರುತ್ತಿತ್ತು. ನಾನು ಏನೋ ಹೇಳಲು ಹೊರಟೆ, ಅವರು ಆಗಲೇ ಬಾಗಿಲಿಗೆ ಕೈ ಹಾಕಿದ್ದರು.

“ಹೋಗಿ” ಎಂದರು. “ಬನ್ನಿ” ಎನ್ನಲಿಲ್ಲ.